ವಿದೇಶದ ವಿಳಾಸಗಳಿಗೆ ಡೇಟಾಬೇಸ್ ಟೇಬಲ್ ಮಾಡುವುದು ಹೇಗೆ?

ಪ್ರಶ್ನೆ: ನಾವು ಚನ್ನಪಟ್ಟಣದ ಮರದ ಗೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇವೆ. ನಮ್ಮ ಫಾರ್ಮ್‌ನಲ್ಲಿ ಮನೆ ನಂಬರ್, ರಸ್ತೆ, ಬಡಾವಣೆ, ಊರು, ರಾಜ್ಯ, ಪಿನ್‌ಕೋಡ್ ಅಂತ ಆರು ಬಾಕ್ಸ್ ಇವೆ. ಆರೂ ಕಡ್ಡಾಯ. ದೇಶದೊಳಗೆ ತೊಂದರೆ ಇರಲಿಲ್ಲ. ಈಗ ದುಬೈ, ಐರ್ಲೆಂಡ್, ಅಮೆರಿಕದಲ್ಲಿರುವ ಕನ್ನಡಿಗರು ಆರ್ಡರ್ ಮಾಡುತ್ತಿದ್ದಾರೆ, ಜಪಾನಿನಿಂದಲೂ ಬರುತ್ತಿದೆ. ಕೆಲವರಿಗೆ ಫಾರ್ಮ್ ಮುಂದಕ್ಕೇ ಹೋಗುವುದಿಲ್ಲ. ಕೆಲವು ಪಾರ್ಸೆಲ್ ವಾಪಸ್ ಬಂದಿವೆ. ಎಲ್ಲ ದೇಶಗಳಿಗೂ ಹೊಂದುವಂತೆ ಟೇಬಲ್ ಹೇಗೆ ಮಾಡಬೇಕು? ಇನ್ನೂ ಯಾವ ಯಾವ ಕಾಲಂ ಸೇರಿಸಬೇಕು?

ಉತ್ತರ: ಸೇರಿಸಬೇಡಿ. ಇರುವ ಆರರಲ್ಲೇ ಮೂರನ್ನು ಒಂದು ಮಾಡಿ.

ವಿಳಾಸದ ಟೇಬಲ್‌ಗಳು ಕೆಡುವ ದಾರಿ ಸಾಮಾನ್ಯವಾಗಿ ಒಂದೇ. ನಮ್ಮ ಊರಿನ ಒಂದು ವಿಳಾಸವನ್ನು ಮುಂದಿಟ್ಟುಕೊಂಡು ಅದರ ತುಂಡು ತುಂಡಿಗೂ ಒಂದು ಕಾಲಂ ಮಾಡುತ್ತೇವೆ. ಎರಡನೇ ದೇಶ ಬಂದಾಗ ಅದರ ತುಂಡುಗಳಿಗೆ ಇನ್ನೊಂದಿಷ್ಟು, ಮೂರನೆಯದಕ್ಕೆ ಮತ್ತೊಂದಿಷ್ಟು, ಹೀಗೇ ಬೆಳೆದು ಕೊನೆಗೆ ಯಾವ ವಿಳಾಸವನ್ನು ಹಾಕಿದರೂ ಅರ್ಧ ಕಾಲಂ ಖಾಲಿ ಉಳಿಯುವ ಟೇಬಲ್ ಆಗಿರುತ್ತದೆ. ಅಷ್ಟಾದರೂ ಮುಂದಿನ ದೇಶ ಅದರಲ್ಲಿ ಹಿಡಿಸುವುದಿಲ್ಲ.

ನಾನು ಪಾಲಿಸುವ ನಿಯಮ ಇಷ್ಟು: ವಿಳಾಸದ ಯಾವ ಭಾಗವನ್ನು ನಿಮ್ಮ ಪ್ರೋಗ್ರಾಂ ಓದಿ ಏನಾದರೂ ನಿರ್ಧಾರ ಮಾಡುತ್ತದೋ ಅದಕ್ಕೆ ಮಾತ್ರ ಬೇರೆ ಕಾಲಂ. ದೇಶ ನೋಡಿ ಸಾಗಾಟದ ದರ ಹಾಕುತ್ತೀರಿ, ಅದು ಬೇಕು. ಭಾರತದ ಒಳಗೆ ರಾಜ್ಯ ನೋಡಿ ಜಿಎಸ್‌ಟಿ ಹಾಕುತ್ತೀರಿ, ಅದೂ ಬೇಕು. ಮನೆ ನಂಬರ್ ನೋಡಿ ಏನು ಮಾಡುತ್ತೀರಿ? ಏನೂ ಇಲ್ಲ, ಹಾಗೇ ಲೇಬಲ್ ಮೇಲೆ ಅಚ್ಚು ಮಾಡುತ್ತೀರಿ. ಹಾಗಾದರೆ ಅದನ್ನು ಬೇರೆ ಮಾಡುವ ಕಷ್ಟ ಯಾಕೆ? ಅದು ಅರ್ಥ ಆಗಬೇಕಾದದ್ದು ಆ ಊರಿನ ಪೋಸ್ಟ್‌ಮ್ಯಾನ್‌ಗೆ. ನಿಮ್ಮ ಡೇಟಾಬೇಸ್‌ಗೆ ಅರ್ಥ ಆಗದಿದ್ದರೂ ಗೊಂಬೆ ತಲುಪುತ್ತದೆ.

ಈಗ ನಿಮ್ಮ ಆರು ಬಾಕ್ಸ್‌ಗಳು ಎಲ್ಲೆಲ್ಲಿ ಮುರಿಯುತ್ತವೆ ನೋಡೋಣ.

ಜಪಾನಿನಿಂದ ಶುರು ಮಾಡೋಣ, ಯಾಕೆಂದರೆ ಅಲ್ಲಿ ನಿಮ್ಮ 'ರಸ್ತೆ' ಬಾಕ್ಸ್‌ಗೇ ಕೆಲಸ ಇಲ್ಲ. ಟೋಕಿಯೋ ಮಹಾನಗರ ಆಡಳಿತದ ಕಚೇರಿಯ ವಿಳಾಸವನ್ನೇ ತೆಗೆದುಕೊಳ್ಳಿ. ಜಪಾನಿಗಳು ಬರೆಯುವ ಕ್ರಮದಲ್ಲಿ ಅದು ಹೀಗಿರುತ್ತದೆ: 163-8001, ಟೋಕಿಯೋ-ತೊ, ಶಿಂಜುಕು-ಕು, ನಿಶಿ-ಶಿಂಜುಕು, 2-8-1. ದೊಡ್ಡದು ಮೊದಲು, ಚಿಕ್ಕದು ಆಮೇಲೆ, ಕಚೇರಿಯ ಹೆಸರು ಎಲ್ಲಕ್ಕಿಂತ ಕೊನೆಗೆ. ಆ 2-8-1ರಲ್ಲಿ 2 ಎಂದರೆ ಬಡಾವಣೆಯ ಎರಡನೇ ಭಾಗ, ಅಲ್ಲಿ ಅದನ್ನು ಚೋಮೆ ಅನ್ನುತ್ತಾರೆ. 8 ಎಂದರೆ ಅದರೊಳಗಿನ ಬ್ಲಾಕ್. 1 ಎಂದರೆ ಆ ಬ್ಲಾಕ್‌ನಲ್ಲಿರುವ ಕಟ್ಟಡ. ಇಡೀ ವಿಳಾಸದಲ್ಲಿ ರಸ್ತೆಯ ಹೆಸರೇ ಬರಲಿಲ್ಲ, ಅಲ್ವಾ? ಅಲ್ಲಿ ಹೆಸರು, ನಂಬರ್ ಇರುವುದು ಬ್ಲಾಕ್‌ಗಳಿಗೆ, ಬ್ಲಾಕ್‌ಗಳ ನಡುವೆ ಉಳಿದ ಜಾಗವೇ ರಸ್ತೆ. ಹೆಚ್ಚಿನ ರಸ್ತೆಗಳಿಗೆ ಹೆಸರಿಲ್ಲ. ಹಾಗಂತ ಜಪಾನ್ ಪೂರ್ತಿ ಹೀಗೇ ಅಂತಲೂ ಹೇಳುವಂತಿಲ್ಲ. ಹಳೆಯ ಕ್ಯೋಟೋ ನಗರದಲ್ಲಿ ಇಂಥ ಎರಡು ರಸ್ತೆ ಸೇರುವ ಕಡೆಯಿಂದ ಮೇಲಕ್ಕೆ, ಕೆಳಕ್ಕೆ ಅಂತ ಬರೆಯುವ ರೂಢಿ ಇನ್ನೂ ಇದೆ. ಇದೇ ವಿಳಾಸವನ್ನು ರೋಮನ್ ಅಕ್ಷರದಲ್ಲಿ ಬರೆಯುವಾಗ ಕ್ರಮ ತಲೆಕೆಳಗಾಗುತ್ತದೆ, ಚಿಕ್ಕದು ಮೊದಲು ಬರುತ್ತದೆ. ನಿಮ್ಮ ಫಾರ್ಮ್‌ನಲ್ಲಿ ಆ ಗ್ರಾಹಕರು ರಸ್ತೆಯ ಬಾಕ್ಸ್‌ನಲ್ಲಿ ಏನು ಬರೆಯಬೇಕು? ಒಂದು ಚುಕ್ಕಿ ಹಾಕುತ್ತಾರೆ. ನಿಮ್ಮ ಡೇಟಾಬೇಸ್‌ನಲ್ಲಿ ಹುಡುಕಿ ನೋಡಿ, ಚುಕ್ಕಿ, ಅಡ್ಡಗೆರೆ ಅಥವಾ ಎನ್‌ಎ ಅಂತ ಬರೆದ ಬಾಕ್ಸ್‌ಗಳು ಖಂಡಿತ ಸಿಗುತ್ತವೆ. ಅವೆಲ್ಲ ನೀವು ಸುಮ್ನೆ ಕಡ್ಡಾಯ ಮಾಡಿದ ಬಾಕ್ಸ್‌ಗಳು.

ದುಬೈಯಲ್ಲಿ ಮುರಿಯುವುದು ಪಿನ್‌ಕೋಡ್ ಬಾಕ್ಸ್. ಯುಎಇಯಲ್ಲಿ ಪೋಸ್ಟ್‌ಕೋಡ್ ಎಂಬುದೇ ಇಲ್ಲ. ಅಲ್ಲಿ ಅಂಚೆ ಹೋಗುವುದು ಪಿ.ಒ. ಬಾಕ್ಸ್‌ಗೆ, ಅದೂ ಎಷ್ಟೋ ಸಲ ಕೆಲಸ ಮಾಡುವ ಕಂಪನಿಯ ಬಾಕ್ಸ್. ಕೊರಿಯರ್‌ನವರು ಕಟ್ಟಡದ ಹೆಸರು, ಫ್ಲ್ಯಾಟ್ ನಂಬರ್ ನೋಡಿಕೊಂಡು ಬಂದು ಕೆಳಗೆ ನಿಂತು ಫೋನ್ ಮಾಡುತ್ತಾರೆ. ಹಾಗಾಗಿ ಅಲ್ಲಿಗೆ ಕಳಿಸುವಾಗ ಫೋನ್ ನಂಬರ್ ವಿಳಾಸದ ಭಾಗವೇ ಅಂತ ತಿಳಿಯಿರಿ. ಪಿನ್ ಕಡ್ಡಾಯ ಮಾಡಿದರೆ ಜನ 00000 ಹಾಕುತ್ತಾರೆ, ಇಲ್ಲದಿದ್ದರೆ ಪಿ.ಒ. ಬಾಕ್ಸ್ ನಂಬರನ್ನೇ ಅಲ್ಲಿ ತುಂಬುತ್ತಾರೆ. ಹಾಂಗ್‌ಕಾಂಗ್‌ನಲ್ಲೂ ಪೋಸ್ಟ್‌ಕೋಡ್ ಇಲ್ಲ. ಸಿಂಗಾಪುರದಲ್ಲಿ ತಿರುವುಮುರುವು: 1995ರಿಂದ ಆರು ಅಂಕಿಯ ಕೋಡ್ ಇದೆ, ಒಂದೊಂದು ಕಟ್ಟಡಕ್ಕೂ ಬೇರೆ ಬೇರೆ. ಆದರೆ ಊರು, ರಾಜ್ಯ ಅಂತ ಕೇಳಿದರೆ ಅವರು ಸಿಂಗಾಪುರ, ಸಿಂಗಾಪುರ ಅಂತಲೇ ಬರೆಯಬೇಕು.

ಐರ್ಲೆಂಡ್ ಕಥೆ ಇನ್ನೂ ಚೆನ್ನಾಗಿದೆ. 2015ರ ಜುಲೈವರೆಗೆ ಆ ದೇಶಕ್ಕೆ ರಾಷ್ಟ್ರಮಟ್ಟದ ಪೋಸ್ಟ್‌ಕೋಡ್ ಇರಲಿಲ್ಲ, ಡಬ್ಲಿನ್ ನಗರದಲ್ಲಿ ಅಂಚೆ ವಲಯದ ನಂಬರ್‌ಗಳು ಮಾತ್ರ ಇದ್ದವು. ಹಳ್ಳಿಗಾಡಿನಲ್ಲಿ ಅಕ್ಕಪಕ್ಕದ ಎಷ್ಟೋ ಮನೆಗಳಿಗೆ ಒಂದೇ ವಿಳಾಸ: ಮನೆ ನಂಬರ್ ಇಲ್ಲ, ರಸ್ತೆ ಹೆಸರಿಲ್ಲ, ಊರಿನ ಹೆಸರು ಮತ್ತು ಕೌಂಟಿ (ಅಲ್ಲಿನ ಜಿಲ್ಲೆ) ಅಷ್ಟೆ. ಯಾವ ಮನೆ ಅಂತ ಪೋಸ್ಟ್‌ಮ್ಯಾನ್‌ಗೆ ತಿಳಿಯುತ್ತಿದ್ದದ್ದು ಮನೆಯವರ ಹೆಸರಿನಿಂದ. ನಮ್ಮ ಮಲೆನಾಡಿನ ಒಂಟಿಮನೆಗಳಿಗೂ ಕಾಗದ ಹೀಗೇ ತಾನೆ ತಲುಪುವುದು. ಆಮೇಲೆ ಬಂದ ಏರ್‌ಕೋಡ್ ಏಳು ಅಕ್ಷರ-ಅಂಕಿಗಳದ್ದು, ಮೊದಲ ಮೂರು ಪ್ರದೇಶಕ್ಕೆ, ಉಳಿದ ನಾಲ್ಕು ಆ ಒಂದು ವಿಳಾಸಕ್ಕೇ ಮೀಸಲು. ಒಂದೇ ವಿಳಾಸದ ಎರಡು ಮನೆಗೆ ಎರಡು ಕೋಡ್. ಅಂದರೆ 'ಮನೆ ನಂಬರ್ ಕಡ್ಡಾಯ' ಎಂಬ ನಿಯಮ ಅಲ್ಲಿ ಒಳ್ಳೆಯ ವಿಳಾಸವನ್ನೇ ತಡೆಯುತ್ತದೆ.

ಭಾರತದಲ್ಲಾದರೂ ನಿಮ್ಮ ಆರು ಬಾಕ್ಸ್ ಸರಿಯಾಗಿ ನಡೆಯುತ್ತಿವೆ ಅಂದುಕೊಂಡಿದ್ದರೆ, ಒಂದು ಇಪ್ಪತ್ತು ಬೆಂಗಳೂರು ವಿಳಾಸ ತೆಗೆದು ಓದಿ. 'ನಂ. 14, ಹಳೇ ನಂ. 7/2, 2ನೇ ಮಹಡಿ, 3ನೇ ಕ್ರಾಸ್, 5ನೇ ಮೇನ್, 2ನೇ ಸ್ಟೇಜ್, ಗಣೇಶ ದೇವಸ್ಥಾನದ ಹಿಂಭಾಗ' ಎಂಬುದರಲ್ಲಿ ರಸ್ತೆ ಯಾವುದು, ಕ್ರಾಸಾ ಮೇನಾ? ಒಬ್ಬರು ಕ್ರಾಸನ್ನು ರಸ್ತೆ ಬಾಕ್ಸ್‌ನಲ್ಲಿ ಹಾಕಿರುತ್ತಾರೆ, ಇನ್ನೊಬ್ಬರು ಮನೆ ನಂಬರ್ ಜೊತೆ. ದೇವಸ್ಥಾನವಂತೂ ಜಾಗ ಉಳಿದ ಕಡೆ ಹೋಗಿ ಕೂತಿರುತ್ತದೆ. ಬೇರೆ ಬೇರೆ ಕಾಲಂ ಇದೆ ಎಂದ ಮಾತ್ರಕ್ಕೆ ಡೇಟಾ ಬೇರೆ ಬೇರೆಯಾಗಿರುವುದಿಲ್ಲ. ಗುರುತು ಹೇಳಿ ವಿಳಾಸ ಬರೆಯುವುದು ನಮ್ಮದೊಂದೇ ಅಭ್ಯಾಸವೂ ಅಲ್ಲ. ಕೋಸ್ಟರಿಕಾದಲ್ಲಿ ಇಂಥ ಕಡೆಯಿಂದ 200 ಮೀಟರ್ ಉತ್ತರಕ್ಕೆ ಅಂತ ಬರೆಯುವುದೇ ರೂಢಿ, ಸ್ಯಾನ್ ಪೆಡ್ರೋದಲ್ಲಿ ಯಾವಾಗಲೋ ಹೋದ ಒಂದು ಹಳೇ ಅತ್ತಿ ಜಾತಿಯ ಮರದಿಂದ ಲೆಕ್ಕ ಹಾಕಿ ಇವತ್ತಿಗೂ ದಾರಿ ಹೇಳುತ್ತಾರೆ. ಕೆಡವಿದ ಟಾಕೀಸ್‌ಗಳ ಹೆಸರಿನಲ್ಲಿ ಬಸ್‌ ಇಳಿಯುವ ನಮಗೆ ಇದೇನೂ ಹೊಸದಲ್ಲ.

ಹಾಗಾದರೆ ಟೇಬಲ್ ಹೇಗಿರಬೇಕು? ಪಡೆಯುವವರ ಹೆಸರು, ಪೂರ್ತಿ ಒಂದೇ ಕಾಲಂ. ಮೊದಲ ಹೆಸರು, ಕೊನೆಯ ಹೆಸರು ಅಂತ ಮಾಡಬೇಡಿ, ನಮ್ಮಲ್ಲೇ ಅರ್ಧ ಜನಕ್ಕೆ ಇರುವುದು ಇನಿಶಿಯಲ್. ಬೇಕಾದರೆ ಸಂಸ್ಥೆಯ ಹೆಸರಿಗೆ ಒಂದು. ಆಮೇಲೆ ವಿಳಾಸದ ಸಾಲುಗಳು: ನಿಮ್ಮ ಮನೆ ನಂಬರ್, ರಸ್ತೆ, ಬಡಾವಣೆ ಮೂರೂ ಸೇರಿ ಒಂದೇ ಪಠ್ಯದ ಕಾಲಂ, ಒಳಗೆ ಗ್ರಾಹಕರು ಹೊಡೆದ ಎಂಟರ್‌ಗಳು ಹಾಗೇ ಇರಲಿ. ಆಮೇಲೆ ಊರು, ರಾಜ್ಯ ಅಥವಾ ಪ್ರಾಂತ್ಯ, ಪೋಸ್ಟ್‌ಕೋಡ್, ಈ ಮೂರೂ ಖಾಲಿ ಇರಬಹುದು. ದೇಶದ ಕೋಡ್ ಮಾತ್ರ ಕಡ್ಡಾಯ. ಫೋನ್ ಬೇರೆ, ಪ್ಲಸ್ ಗುರುತು ಮತ್ತು ದೇಶದ ನಂಬರ್ ಸಮೇತ. ಇಷ್ಟು ಸಾಕು.

ಊರನ್ನು ಬೇರೆ ಇಡಲು ಏನು ಕಾರಣ ಅಂತ ಕೇಳಬಹುದು. ಕೊರಿಯರ್ ಎಪಿಐಗಳು (ನಿಮ್ಮ ಪ್ರೋಗ್ರಾಂ ಅವರ ಕಂಪ್ಯೂಟರಿಗೆ ಮಾಹಿತಿ ಕಳಿಸುವ ದಾರಿ) ಅದನ್ನು ಬೇರೆ ಕೇಳುತ್ತವೆ, ಕಸ್ಟಮ್ಸ್ ಫಾರ್ಮ್ ಕೇಳುತ್ತದೆ. ಬ್ಯಾಂಕುಗಳೂ ಇದೇ ದಾರಿಗೆ ಬರುತ್ತಿವೆ: ದೇಶದಿಂದ ದೇಶಕ್ಕೆ ಹಣ ಕಳಿಸುವ ಸ್ವಿಫ್ಟ್ ಸಂದೇಶಗಳಲ್ಲಿ ಭಾಗಗಳಾಗಿ ಒಂಚೂರೂ ಬಿಡಿಸದ ವಿಳಾಸವನ್ನು 2026ರ ನವೆಂಬರ್‌ಗೆ ನಿಲ್ಲಿಸುವುದು ಅವರ ಯೋಜನೆ, ಊರು ಮತ್ತು ದೇಶ ತಮ್ಮ ತಮ್ಮ ಜಾಗದಲ್ಲಿ ಇರಲೇಬೇಕು, ಉಳಿದದ್ದನ್ನು ಸಾಲುಗಳಾಗಿ ಬರೆಯಬಹುದು. ಅರ್ಧ ಬಿಡಿಸಿದ್ದು, ಅರ್ಧ ಸಾಲುಗಳು. ನಾನು ಮೇಲೆ ಹೇಳಿದ್ದೂ ಅದೇ ರೀತಿಯದ್ದು.

ದೇಶಕ್ಕೆ ಐಎಸ್‌ಒ 3166 ಎಂಬ ಅಂತರರಾಷ್ಟ್ರೀಯ ಮಾನದಂಡದ ಎರಡು ಅಕ್ಷರದ ಕೋಡ್ ಇಡಿ, ಹೆಸರನ್ನು ಇಡಬೇಡಿ. ಬ್ರಿಟನ್‌ಗೆ ಕೋಡ್ ಜಿಬಿ, ಯುಕೆ ಅಲ್ಲ, ಇದು ತುಂಬಾ ಜನ ಎಡವುವ ಜಾಗ. ದೇಶಗಳ ಹೆಸರನ್ನು ಕನ್ನಡದಲ್ಲಿ ತೋರಿಸಬೇಕಾದರೆ ಎಲ್ಲ ಭಾಷೆಯ ಲಿಪಿಗಳನ್ನು ಕಂಪ್ಯೂಟರಿಗೆ ತರುವ ಯೂನಿಕೋಡ್‌ನವರ ಸಿಎಲ್‌ಡಿಆರ್ ಎಂಬ ಡೇಟಾದಲ್ಲಿ ಎಲ್ಲವೂ ಸಿದ್ಧವಿದೆ, ನೀವು ಕೂತು ಪಟ್ಟಿ ಮಾಡಬೇಕಿಲ್ಲ. ಪೋರ್ಟೊರಿಕೊದಂಥ ಕಡೆ ಎಚ್ಚರ: ಅದಕ್ಕೆ ಸ್ವಂತ ಐಎಸ್‌ಒ ಕೋಡ್ ಇದೆ, ಆದರೆ ಅಂಚೆ ಅಮೆರಿಕದ್ದು, ಜಿಪ್ ಕೋಡ್ ಕೂಡ ಅಮೆರಿಕದ್ದು. ಗ್ರಾಹಕರು ಎರಡರಲ್ಲಿ ಯಾವುದನ್ನು ಆರಿಸಿದರೂ ಒಪ್ಪಿಕೊಳ್ಳಿ.

ಪೋಸ್ಟ್‌ಕೋಡ್ ಕಾಲಂ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಿಮ್ಮ ಪ್ರಶ್ನೆಯಲ್ಲಿ ಬರೆದಿಲ್ಲ, ಆದರೂ ಪಿನ್‌ಕೋಡನ್ನು ನೀವು ಪೂರ್ಣಾಂಕವಾಗಿ ಇಟ್ಟಿರಬಹುದು ಅನ್ನುವುದು ನನ್ನ ಊಹೆ. ನಮ್ಮ ಪಿನ್ ಸೊನ್ನೆಯಿಂದ ಶುರುವಾಗುವುದೇ ಇಲ್ಲ. 1972ರ ಆಗಸ್ಟ್ 15ರಂದು ಜಾರಿಗೆ ಬಂದಾಗಿನಿಂದ ಮೊದಲ ಅಂಕಿ 1ರಿಂದ 8, ಸೇನೆಯ ಅಂಚೆಗೆ 9. ಹಾಗಾಗಿ ಇಲ್ಲಿ ಪೂರ್ಣಾಂಕ ಇಟ್ಟವರಿಗೆ ಏಟು ಬೀಳುವುದಿಲ್ಲ. ಅಮೆರಿಕಕ್ಕೆ ಹೋದ ತಕ್ಷಣ ಬೀಳುತ್ತದೆ. ನಮ್ಮವರು ಬೇಕಾದಷ್ಟಿರುವ ನ್ಯೂಜೆರ್ಸಿಯಲ್ಲಿ ಕೋಡ್‌ಗಳು 07, 08ರಿಂದ ಶುರು. ಎಡಿಸನ್ ಪಟ್ಟಣದ 08820 ನಿಮ್ಮ ಟೇಬಲ್‌ಗೆ ಹೋಗಿ 8820 ಆಗುತ್ತದೆ, ಲೇಬಲ್ ಮೇಲೂ ಹಾಗೇ ಬರುತ್ತದೆ. ಹತ್ತಿರದಲ್ಲೇ ನೋಡಿ, ಕೊಲಂಬೊದ ಕೋಡ್ 00100, ಪೂರ್ಣಾಂಕ ಮಾಡಿದರೆ ಬರೀ 100. ಡೇಟಾಬೇಸ್ ಸರಿಯಿದ್ದರೂ ಯಾರೋ ಆರ್ಡರ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ ಇದೇ ಗತಿ, ಅದನ್ನೂ ನೋಡಿಕೊಳ್ಳಿ. ಬ್ರಿಟನ್, ಕೆನಡಾ, ನೆದರ್ಲೆಂಡ್ಸ್‌ನಲ್ಲಿ ಅಕ್ಷರಗಳೂ ಬರುತ್ತವೆ, ನಡುವೆ ಜಾಗವೂ ಇರುತ್ತದೆ. ಆದ್ದರಿಂದ ಇದು ಪಠ್ಯದ ಕಾಲಂ, 10-12 ಅಕ್ಷರಕ್ಕೆ ಜಾಗ ಇರಲಿ.

ಕೋಡ್ ಸರಿಯಿದೆಯೇ ಅಂತ ಪರೀಕ್ಷೆ ಮಾಡಬೇಕೇ? ಮಾಡಿ, ಆದರೆ ತಡೆಯಬೇಡಿ. ಮಾದರಿಗೆ ಹೊಂದದಿದ್ದರೆ 'ಇದು ಸರಿಯಿದೆಯೇ ನೋಡಿ' ಅಂತ ಹಳದಿ ಬಣ್ಣದಲ್ಲಿ ತೋರಿಸಿ, ಹೌದು ಅಂದರೆ ಮುಂದೆ ಬಿಡಿ. ನಿಯಮಗಳು ನಿಮಗೆ ಹೇಳದೆಯೇ ಬದಲಾಗುತ್ತವೆ. ದಕ್ಷಿಣ ಕೊರಿಯಾ 2014ರಲ್ಲಿ ರಸ್ತೆಯ ಹೆಸರಿನ ವಿಳಾಸಕ್ಕೆ ಪೂರ್ತಿ ಬಂತು, 2015ರ ಆಗಸ್ಟ್‌ನಲ್ಲಿ ಆರು ಅಂಕಿಯ ಕೋಡ್ ಐದಾಯಿತು. ಯಾವುದೋ ಹಳೇ ಬ್ಲಾಗಿನಿಂದ ನಕಲು ಮಾಡಿದ ಆರು ಅಂಕಿಯ ರೆಜೆಕ್ಸ್ (ಮಾದರಿ ಪರೀಕ್ಷಿಸುವ ಸೂತ್ರ) ನಿಮ್ಮ ಪ್ರೋಗ್ರಾಂನಲ್ಲಿದ್ದರೆ ಇವತ್ತಿನ ಕೊರಿಯಾದ ಗ್ರಾಹಕರೆಲ್ಲ ಹೊರಗೇ. ನೀವೇ ಬರೆಯುವ ಬದಲು ಗೂಗಲ್ ಬಿಟ್ಟಿರುವ ಲಿಬ್‌ಅಡ್ರೆಸ್‌ಇನ್‌ಪುಟ್ ಎಂಬ ಸಿದ್ಧ ಪ್ರೋಗ್ರಾಂ ಸಂಗ್ರಹ ನೋಡಿ. ದೇಶದಿಂದ ದೇಶಕ್ಕೆ ಯಾವ ಭಾಗ ಕಡ್ಡಾಯ, ಕೋಡ್‌ನ ಮಾದರಿ ಏನು, ಯಾವ ಕ್ರಮದಲ್ಲಿ ಅಚ್ಚು ಮಾಡಬೇಕು ಎಲ್ಲವೂ ಡೇಟಾ ರೂಪದಲ್ಲಿ ಅದರಲ್ಲಿದೆ.

ಫಾರ್ಮ್‌ನಲ್ಲಿ ದೇಶವನ್ನು ಎಲ್ಲಕ್ಕಿಂತ ಮೊದಲು ಕೇಳಿ. ನಾವು ಅದನ್ನು ಕೊನೆಗೆ ಇಡುತ್ತೇವೆ, ಲೇಬಲ್‌ನಲ್ಲಿ ಕೊನೆಗೆ ಬರುತ್ತದೆ ಅಂತ. ಆದರೆ ದೇಶ ಗೊತ್ತಾದ ಮೇಲೆಯೇ ಉಳಿದ ಬಾಕ್ಸ್ ಯಾವುವು ಅಂತ ತಿಳಿಯುವುದು. ಯುಎಇ ಅಂದ ತಕ್ಷಣ ಕೋಡ್ ಬಾಕ್ಸ್ ಮಾಯವಾಗಿ ಎಮಿರೇಟ್ ಆರಿಸುವ ಪಟ್ಟಿ ಬರಲಿ, ಐರ್ಲೆಂಡ್ ಅಂದರೆ ಬಾಕ್ಸ್‌ನ ಹೆಸರು ಏರ್‌ಕೋಡ್ ಅಂತ ಬದಲಾಗಲಿ, ಜಪಾನ್ ಅಂದರೆ ರಾಜ್ಯದ ಬದಲು ಪ್ರಿಫೆಕ್ಚರ್ ಅಂತ. ಬ್ರಿಟನ್‌ಗೆ ಕೌಂಟಿ ಕೇಳಲೇಬೇಡಿ, 1996ರಿಂದ ಅಂಚೆಗೆ ಅದು ಬೇಕಾಗಿಲ್ಲ. ಬ್ರೌಸರ್ ತಾನೇ ತುಂಬುವಂತೆ ಆಟೋಕಂಪ್ಲೀಟ್ ಗುರುತುಗಳನ್ನು ಸರಿಯಾಗಿ ಹಾಕಿ, ಮೊಬೈಲ್‌ನಲ್ಲಿ ಅರ್ಧ ತಪ್ಪು ಅಲ್ಲೇ ಕಡಿಮೆಯಾಗುತ್ತದೆ.

ಇನ್ನು ಲಿಪಿ. ಕಾಲಂ ಎಲ್ಲಾ ಯೂನಿಕೋಡ್ ಆಗಿರಲಿ. ನಿಮ್ಮ ಡೇಟಾಬೇಸ್ ಮೈಎಸ್‌ಕ್ಯುಎಲ್ ಆದರೆ ಯುಟಿಎಫ್8ಎಂಬಿ4 ಎಂಬ ಅಕ್ಷರ ವ್ಯವಸ್ಥೆ ಆರಿಸಿ, ಹಳೇ ಯುಟಿಎಫ್8ರಲ್ಲಿ ಕನ್ನಡ ಹಿಡಿಸುತ್ತದೆ ಆದರೆ ಜಪಾನ್, ಚೀನಾದ ಕೆಲವು ಅಪರೂಪದ ಅಕ್ಷರಗಳು ಹಿಡಿಸುವುದಿಲ್ಲ. ಉದ್ದದ ಲೆಕ್ಕವೂ ಮೋಸ ಮಾಡುತ್ತದೆ. 'ಬೆಂಗಳೂರು' ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಕಾಗುಣಿತದ ಗುರುತುಗಳನ್ನೂ ಬೇರೆ ಎಣಿಸುವ ಯೂನಿಕೋಡ್‌ಗೆ ಎಂಟು, ಯುಟಿಎಫ್8ರಲ್ಲಿ 24 ಬೈಟ್. ಲೇಬಲ್ ಸಾಲಿಗೆ ಇಷ್ಟೇ ಅಕ್ಷರ ಅಂತ ಪ್ರೋಗ್ರಾಂನಲ್ಲಿ ಕುರುಡಾಗಿ ಕತ್ತರಿಸಿದರೆ ಐದನೆಯದಕ್ಕೆ ತುಂಡಾಗಿ 'ಬೆಂಗಳ' ಉಳಿಯುತ್ತದೆ. ಕತ್ತರಿಸುವುದಿದ್ದರೆ ಪದಗಳ ನಡುವೆ ಕತ್ತರಿಸಿ, ಉಳಿದದ್ದು ಮುಂದಿನ ಸಾಲಿಗೆ ಹೋಗಲಿ.

ಜಪಾನಿನ ಗ್ರಾಹಕರು ಜಪಾನಿ ಲಿಪಿಯಲ್ಲೇ ಬರೆದರೆ ಹಾಗೇ ಉಳಿಸಿಕೊಳ್ಳಿ. ಜೊತೆಗೆ ರೋಮನ್ ಅಕ್ಷರದಲ್ಲೂ ಒಮ್ಮೆ ಕೇಳಿ, ಯಾಕೆಂದರೆ ಅಂತರರಾಷ್ಟ್ರೀಯ ಅಂಚೆಯ ನಿಯಮದಂತೆ ರೋಮನ್ ಅಕ್ಷರ ಮತ್ತು ನಾವು ದಿನಾ ಬಳಸುವ 1, 2, 3 ಅಂಕಿಗಳು ಇರಬೇಕು, ತಲುಪುವ ದೇಶದ ಲಿಪಿಯನ್ನು ಜೊತೆಗೆ ಸೇರಿಸಬಹುದು. ಕೊನೆಯ ಸಾಲಿನಲ್ಲಿ ದೇಶದ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಇರಲಿ, ನಮ್ಮಲ್ಲಿ ವಿಂಗಡಿಸುವವರು ಓದಬೇಕಾದದ್ದು ಅದೊಂದನ್ನೇ. ಲಿಪಿ ಬದಲಾಯಿಸುವ ಕೆಲಸವನ್ನು ಮಾತ್ರ ಪ್ರೋಗ್ರಾಂಗೆ ಒಪ್ಪಿಸಬೇಡಿ. ಟೋಕಿಯೋದ ನಿಹೊನ್‌ಬಾಶಿ, ಒಸಾಕಾದ ನಿಪ್ಪೊನ್‌ಬಾಶಿ ಎರಡನ್ನೂ ಜಪಾನಿಯಲ್ಲಿ ಬರೆಯುವುದು ಅವೇ ಮೂರು ಅಕ್ಷರಗಳಲ್ಲಿ. ಹೇಗೆ ಓದಬೇಕು ಅಂತ ಅಲ್ಲಿರುವವರಿಗೇ ಗೊತ್ತು.

ಲೇಬಲ್ ಅಚ್ಚಿನ ಕ್ರಮ ದೇಶಕ್ಕೊಂದು. ಜರ್ಮನಿಯಲ್ಲಿ ಕೋಡ್ ಮೊದಲು, ಊರು ಆಮೇಲೆ, ಒಂದೇ ಸಾಲಿನಲ್ಲಿ. ನಮ್ಮಲ್ಲಿ ಊರು ಮೊದಲು. ಬ್ರಿಟನ್‌ನಲ್ಲಿ ಕೋಡ್‌ಗೇ ಒಂದು ಸಾಲು. ಹಂಗೇರಿಯಲ್ಲಿ ಊರಿನ ಹೆಸರು ರಸ್ತೆಗಿಂತ ಮೇಲೆ. ಇದನ್ನು ಪ್ರೋಗ್ರಾಂ ಒಳಗೆ 'ಈ ದೇಶವಾದರೆ ಹೀಗೆ, ಇಲ್ಲದಿದ್ದರೆ ಹಾಗೆ' ಅಂತ ಇಫ್-ಎಲ್ಸ್ ಮಾಡಿ ಬರೆಯಬೇಡಿ, ದೇಶಕ್ಕೊಂದು ಟೆಂಪ್ಲೇಟ್ (ಅಚ್ಚಿನ ಮಾದರಿ) ಇಡಿ, ಇಲ್ಲದ ದೇಶಕ್ಕೆ ಒಂದು ಸಾಮಾನ್ಯ ಟೆಂಪ್ಲೇಟ್ ಇರಲಿ.

ಕೊರಿಯರ್‌ನವರ ಎಪಿಐ ಬೇರೆ ಥರ ಕೇಳುತ್ತದೆ, ಅವರಲ್ಲಿ ಸಾಲಿಗೆ 35 ಅಕ್ಷರದ ಆಸುಪಾಸಿನ ಮಿತಿ ಸಾಮಾನ್ಯ, ಕೆಲವರಿಗೆ ಕೋಡ್ ಇಲ್ಲದ ದೇಶಕ್ಕೂ ಏನಾದರೊಂದು ಕೋಡ್ ಬೇಕು. ಆ ಹೊಂದಾಣಿಕೆ ಎಲ್ಲವೂ ಪಾರ್ಸೆಲ್ ಬುಕ್ ಮಾಡುವ ಹೊತ್ತಿನಲ್ಲಿ, ಆ ಕೊರಿಯರ್‌ಗೇ ಮೀಸಲಾದ ಪ್ರೋಗ್ರಾಂ ಭಾಗದಲ್ಲಿ ಆಗಲಿ. ಅವರಿಗಾಗಿ ಹಾಕಿದ 00000 ನಿಮ್ಮ ಟೇಬಲ್‌ಗೆ ವಾಪಸ್ ಬರಬಾರದು.

ಇನ್ನೊಂದು, ಇದು ವಿದೇಶಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಆರ್ಡರ್ ಆದಾಗ ವಿಳಾಸವನ್ನು ಆರ್ಡರ್ ಒಳಗೆ ನಕಲು ಮಾಡಿಡಿ. ಗ್ರಾಹಕರ ವಿಳಾಸ ಪುಸ್ತಕದ ಐಡಿ ಮಾತ್ರ ಇಟ್ಟರೆ, ಅವರು ಮನೆ ಬದಲಿಸಿ ವಿಳಾಸ ತಿದ್ದಿದ ದಿನ ಹಳೇ ಇನ್‌ವಾಯ್ಸ್‌ಗಳೆಲ್ಲ ಹೊಸ ವಿಳಾಸ ತೋರಿಸುತ್ತವೆ. ರಾಜ್ಯಗಳದ್ದೂ ಅದೇ ಕಥೆ. 2014ರ ಜೂನ್ 2ಕ್ಕೆ ಮೊದಲು ಹೈದರಾಬಾದಿಗೆ ಹೋದ ಆರ್ಡರ್‌ನಲ್ಲಿ ಆಂಧ್ರಪ್ರದೇಶ ಅಂತಲೇ ಇರಬೇಕು, ಇವತ್ತಿನದ್ದರಲ್ಲಿ ತೆಲಂಗಾಣ.

ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಹಾಕಿದರೆ ಎಲ್ಲ ಸರಿಹೋಗುತ್ತದಲ್ಲ ಅಂತ ಯಾರಾದರೂ ಹೇಳಬಹುದು. ಅದು ಸುಮಾರು 4 ಮೀಟರ್ ಉದ್ದ-ಅಗಲದ ಚೌಕಕ್ಕೆ ಹತ್ತು ಅಕ್ಷರ-ಅಂಕಿಯ ಗುರುತು, ಜಾಗ ಹುಡುಕಲು ಬಹಳ ಒಳ್ಳೆಯದು. ಆದರೆ ಹತ್ತು ಮಹಡಿಯ ಅಪಾರ್ಟ್‌ಮೆಂಟ್‌ನಲ್ಲಿ ಒಂದರ ಮೇಲೊಂದಿರುವ ಹತ್ತೂ ಮನೆಗೆ ಒಂದೇ ಡಿಜಿಪಿನ್. ಬೇಕಾದರೆ ಅದಕ್ಕೊಂದು ಐಚ್ಛಿಕ ಕಾಲಂ ಇಡಿ, ಮ್ಯಾಪಿನ ಅಕ್ಷಾಂಶ-ರೇಖಾಂಶದ ಪಕ್ಕದಲ್ಲಿ.

ಈಗಿರುವ ಡೇಟಾ ಸಾಗಿಸುವುದು ಕಷ್ಟವೇನಲ್ಲ. ಹಳೇ ಮೂರು ಕಾಲಂಗಳನ್ನು ಅದೇ ಕ್ರಮದಲ್ಲಿ ಸೇರಿಸಿ ಸಾಲುಗಳ ಕಾಲಂ ಮಾಡಿ, ಬರೀ ಚುಕ್ಕಿ ಅಡ್ಡಗೆರೆ ಇರುವುದನ್ನು ಬಿಟ್ಟುಬಿಡಿ. ಪಿನ್ ಪೂರ್ಣಾಂಕವಾಗಿದ್ದರೆ ಪಠ್ಯ ಮಾಡಿ, ದೇಶ ಅಮೆರಿಕ ಆಗಿದ್ದು ನಾಲ್ಕೇ ಅಂಕಿ ಉಳಿದಿದ್ದರೆ ಎಡಕ್ಕೆ ಸೊನ್ನೆ ಸೇರಿಸಿ. ಯುಎಇ, ಹಾಂಗ್‌ಕಾಂಗ್‌ನವರ ಕೋಡ್ ಕಾಲಂನಲ್ಲಿ ಏನಿದೆ ಅಂತ ಕಣ್ಣಾರೆ ನೋಡಿ: ಬರೀ ಸೊನ್ನೆಯಾದರೆ ಖಾಲಿ ಮಾಡಿ, ಪಿ.ಒ. ಬಾಕ್ಸ್ ನಂಬರ್ ಅನಿಸಿದರೆ ಅಳಿಸುವ ಮೊದಲು ಸಾಲುಗಳಿಗೆ ಸೇರಿಸಿ. ಐರ್ಲೆಂಡಿನವರು ಏರ್‌ಕೋಡನ್ನು ಬಡಾವಣೆ ಬಾಕ್ಸ್‌ನಲ್ಲಿ ತುಂಬಿರುವ ಸಾಧ್ಯತೆ ಜಾಸ್ತಿ, ಪಿನ್ ಬಾಕ್ಸ್ ಅಂಕಿ ಬಿಟ್ಟು ಬೇರೇನೂ ತೆಗೆದುಕೊಳ್ಳುತ್ತಿರಲಿಲ್ಲವಲ್ಲ. ವಾಪಸ್ ಬಂದ ಪಾರ್ಸೆಲ್‌ಗಳ ಲೇಬಲ್ ಇನ್ನೂ ಇದ್ದರೆ ಎಸೆಯಬೇಡಿ. ಹೊಸ ಟೆಂಪ್ಲೇಟ್ ಸಿದ್ಧವಾದ ಮೇಲೆ ಅವೇ ವಿಳಾಸಗಳನ್ನು ಮೊದಲು ಅಚ್ಚು ಮಾಡಿ, ಆಯಾ ಗ್ರಾಹಕರಿಗೇ ಫೋಟೋ ಕಳಿಸಿ ಸರಿಯಿದೆಯಾ ಅಂತ ಕೇಳಿ.